ತುಂಬುತೋಳಿನ ಅಂಗಿ

ಅಣ್ಣ ಮೆಟ್ಟಿಲಿನ ತಿರುವಿನಲ್ಲಿ ಕುಕ್ಕರಗಾಲಲ್ಲಿ ಕೂತು ತಂಗಿಯ ಹೊಲಿಗೆಯ ಟೇಪನ್ನು ಗೋಡೆಯಿಂದ ಕಂಬಿಯವರೆಗೆ ಎಳೆದು ಹಿಡಿದ. ಒಮ್ಮೆ ನೇರ ಹಿಡಿದ, ಒಮ್ಮೆ ಓರೆ ಹಿಡಿದ. ಹೋದ ವಾರದವರೆಗೂ ಸ್ಕೂಲು ಮಕ್ಕಳ ಎದೆ, ಸೊಂಟ ಅಳೆಯುತ್ತಿದ್ದ ಟೇಪು ಅದು.

"ಆಗಲ್ಲ," ಅಂದ. "ಸ್ಟ್ರೆಚರ್ ಇಲ್ಲಿ ತಿರುಗಲ್ಲ. ಕಂಬಿ ಮೇಲೆ ಎತ್ತಿ ದಾಟಿಸ್ಬೇಕು. ಮುಂದೆ ಇಬ್ರು, ಹಿಂದೆ ಇಬ್ರು. ಇರೋನು ನಾನೊಬ್ಬ."

"ನಾನಿದ್ದೀನಲ್ಲ," ಎಂದಳು ಟೈಲರಮ್ಮ.

"ನೀನು ಸುಮ್ನಿರು ತಂಗಿ. ನಿನ್ನೆಯಿಂದ ಒಂದು ತೊಟ್ಟು ನೀರು ಕುಡಿದಿಲ್ಲ. ನಿನ್ನನ್ನೂ ಹೊತ್ಕೊಂಡು ಇಳೀಬೇಕಾಗತ್ತೆ."

ಕೆಳಗಿನಿಂದ ಶವದ ವ್ಯಾನಿನ ಡ್ರೈವರು ಕೂಗಿದ. "ಏನ್ ಸ್ವಾಮಿ, ಇನ್ನೂ ಎಷ್ಟೊತ್ತು?"

"ನೀನೂ ಒಂದು ಕೈ ಹಾಕಪ್ಪ!"

"ಮೇಲೆ ಹತ್ತೋದು ನನ್ನ ಕೆಲಸ ಅಲ್ಲ. ಬಾಗಿಲಿಂದ ಒಯ್ತೀನಿ ಅಂದಿದ್ದು ಹೌದು. ಬಾಗಿಲು ಅಂದ್ರೆ ಬೀದಿ ಬಾಗಿಲು."

ನಾಲ್ಕನೇ ಮಹಡಿಯ ಆ ಒಂದೂವರೆ ಕೋಣೆಯ ಮನೆಯಲ್ಲಿ ಅವಳ ಗಂಡ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದ. ಕಾಯಿಲೆ ಅವನನ್ನು ಅರ್ಧ ಮಾಡಿತ್ತು. ಆದರೂ ಹೆಣದ ಭಾರವೇ ಬೇರೆ. ಅವನ ಮುಖ ಹಣ್ಣೆಲೆಯಂತೆ ಹಳದಿಯಾಗಿತ್ತು. ಅವನು ಬದುಕಿದ್ದಾಗ ಹಾಕಿಕೊಳ್ಳುತ್ತಿದ್ದಂಥ ತುಂಬುತೋಳಿನ ಅಂಗಿಯನ್ನೇ ತೊಡಿಸಿ, ಮಣಿಕಟ್ಟಿನ ಗುಂಡಿ ಹಾಕಿದ್ದಳು.

ಅಣ್ಣ ಬೆಳಿಗ್ಗೆಯಿಂದ ಕಟ್ಟಡದ ಎಲ್ಲ ಬಾಗಿಲುಗಳನ್ನೂ ತಟ್ಟಿ ಬಂದಿದ್ದ.

"ಎರಡನೇ ಮಹಡಿಯವನಿಗೆ ಬೆನ್ನುನೋವಂತೆ. ಮೂರನೇ ಮಹಡಿಯವನಂತೂ 'ಮನೇಲಿ ಯಾರೂ ಇಲ್ಲ' ಅಂತ ಒಳಗಿಂದ ತಾನೇ ಹೇಳ್ದ. ಏನು ಜನ! ಭಾವ ಇವರಿಗೇನು ಮಾಡಿದ್ರು?"

"ಏನೂ ಮಾಡ್ಲಿಲ್ಲ," ಎಂದಳು. "ಅದೇ ಆಗಿದ್ದು."

ಆ ಮಾತಿಗೆ ಉತ್ತರವೆಂಬಂತೆ ಕೆಳಮನೆಯಾಕೆ ಏದುಸಿರು ಬಿಡುತ್ತ ಹತ್ತಿ ಬಂದಳು. ನೆಲಮಹಡಿಯ ಎರಡೂ ಮನೆಗಳ ಒಡತಿ ಅವಳು. ಕಟ್ಟಡದ ಸುದ್ದಿಯೆಲ್ಲ ಅವಳ ಬಾಗಿಲ ಮುಂದೆಯೇ ಹಾದುಹೋಗಬೇಕು. ಸೆರಗನ್ನು ಮೂಗಿಗೆ ಹಿಡಿದು ಹೊಸ್ತಿಲಾಚೆಯೇ ನಿಂತಳು.

"ಬೇಜಾರು ಮಾಡ್ಕೋಬೇಡಿ ಟೈಲರಮ್ಮ. ಇಷ್ಟು ವರ್ಷದಲ್ಲಿ ನಿಮ್ಮೆಜಮಾನ್ರು ಒಂದು ದಿನ ನಮ್ಮನೆಯವರಿಗೆ ನಮಸ್ಕಾರ ಅಂದಿದ್ದಿಲ್ಲ. ಎದುರಿಗೆ ಬಂದ್ರೆ ಗೋಡೆ ನೋಡ್ಕೊಂಡು ಹೋಗೋರು. ಗಂಡಸ್ರು ಅದನ್ನೆಲ್ಲ ಮನಸ್ಸಲ್ಲಿ ಇಟ್ಕೊಂಡಿರ್ತಾರೆ ನೋಡಿ."

"ಹೌದು."

"ನಿಜವಾಗ್ಲೂ ಕಾಮಾಲೇನೇನಾ?"

"ಕಾಮಾಲೆಯೇ."

"ಅದಿರಲಿ, ಎದುರುಗಡೆ ಕಾಂಪೌಂಡಿನ ಹತ್ರ ಯಾರೋ ನಿಂತಿದ್ದಾರೆ. ಬೆಳಿಗ್ಗೆಯಿಂದ್ಲೂ ಇದ್ದಾರೆ. ಲಕ್ಷಣ ನೋಡಿದ್ರೆ ಕಳ್ಳರ ಥರ. ಪೊಲೀಸಿಗೆ ಒಂದು ಮಾತು ಹೇಳ್ಲಾ?"

ಟೈಲರಮ್ಮ ಕಿಟಕಿಗೆ ಹೋಗಿ ನೋಡಿದಳು. ಮುಚ್ಚಿದ ವರ್ಕ್‌ಶಾಪಿನ ಗೋಡೆಗೆ ಅಂಟಿಕೊಂಡು ಐದಾರು ಜನ ನಿಂತಿದ್ದರು. ನೆತ್ತಿ ಸುಡುವ ಬಿಸಿಲು. ಯಾರೂ ಈ ಕಡೆ ನೋಡುತ್ತಿರಲಿಲ್ಲ. ಒಬ್ಬ ತನ್ನ ಚಪ್ಪಲಿ ನೋಡುತ್ತಿದ್ದ, ಇನ್ನೊಬ್ಬ ಆಕಾಶ ನೋಡುತ್ತಿದ್ದ. ಸ್ವಲ್ಪ ದೂರದಲ್ಲಿ ಒಬ್ಬ ಹೆಂಗಸು ಕೊಡೆ ಹಿಡಿದು, ಬಸ್ಸೇ ಬಾರದ ಬೀದಿಯಲ್ಲಿ ಬಸ್ಸಿಗೆ ಕಾಯುವವಳಂತೆ ನಿಂತಿದ್ದಳು.

ಅಷ್ಟೂ ಗಂಡಸರು ಆ ಬಿಸಿಲಲ್ಲಿ ತುಂಬುತೋಳಿನ ಅಂಗಿ ತೊಟ್ಟಿದ್ದರು. ಮಣಿಕಟ್ಟಿನ ಗುಂಡಿಯನ್ನೂ ಹಾಕಿದ್ದರು.

*

ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಇಬ್ಬರೂ ಮಾರುಕಟ್ಟೆಗೆ ಹೋಗಿದ್ದರು. ಎದುರಿನಿಂದ ಬಂದ ಒಬ್ಬ ತೆಳ್ಳಗಿನ ಮನುಷ್ಯ ಇವನ ಮುಖವನ್ನೇ ನೋಡುತ್ತ ಬಂದು, ಹತ್ತಿರವಾಗುತ್ತಿದ್ದಂತೆ ಕಣ್ಣು ತಿರುಗಿಸಿದ. ಇವನೂ ತಿರುಗಿಸಿದ. ಇಬ್ಬರ ಭುಜಗಳು ತಾಗುವಷ್ಟು ಹತ್ತಿರದಲ್ಲಿ ಹಾದುಹೋದರು.

"ಯಾರ್ರೀ ಅದು?"

"ಯಾರೋ."

"ಯಾರೋ ಆಗಿದ್ರೆ ನೀವು ಸೌತೆಕಾಯಿನ ಅಷ್ಟು ಹೊತ್ತು ನೋಡ್ತಿರ್ಲಿಲ್ಲ."

ಮನೆಗೆ ಬಂದ ಮೇಲೆ ಹೇಳಿದ. ತಾನು ಹರೆಯದಲ್ಲಿ ನಶೆಯ ಸೂಜಿ ಚುಚ್ಚಿಕೊಳ್ಳುತ್ತಿದ್ದೆ, ಅದರಿಂದಲೇ ಎಚ್‌ಐವಿ ಬಂತು ಎನ್ನುವುದನ್ನು ಮದುವೆಗೆ ಮೊದಲೇ ಹೇಳಿದ್ದ. ಮಾತ್ರೆಯನ್ನು ತಪ್ಪದೆ ನುಂಗಿ ರಕ್ತದಲ್ಲಿ ವೈರಸ್ಸು ಕಾಣದಷ್ಟು ಅಡಗಿದ್ದರೆ ಹೆಂಡತಿಗೆ ದಾಟುವುದಿಲ್ಲ ಎಂದು ಅವನ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿ ವಿವರಿಸಿದ್ದಳು. ದಾಟಿರಲೂ ಇಲ್ಲ. ಅವಳಿಗೆ ಗೊತ್ತಿರದಿದ್ದುದು ಅವನ ಕೆಲಸದ ವಿಷಯ.

ಡಾಕ್ಟರಮ್ಮ ನಡೆಸುತ್ತಿದ್ದುದು ಒಂದು ಸಂಶೋಧನೆ. ಸೂಜಿ ಹಂಚಿಕೊಳ್ಳುವವರಲ್ಲಿ ರೋಗ ಹೇಗೆ ಹರಡುತ್ತದೆ, ಏನು ಮಾಡಿದರೆ ನಿಲ್ಲುತ್ತದೆ ಎಂದು ವರ್ಷಗಟ್ಟಲೆ ಅದೇ ಜನರ ರಕ್ತ ನೋಡುವುದು. ಅವನೂ ಮೊದಲು ಅಲ್ಲಿ ರಕ್ತ ಕೊಟ್ಟವನೇ. ಚಟ ಬಿಟ್ಟ ಮೇಲೆ ಅವನನ್ನೇ ಕೆಲಸಕ್ಕೆ ಇಟ್ಟುಕೊಂಡರು. ಹೊಸ ಸೂಜಿ ಕೊಟ್ಟು ಹಳೆಯದನ್ನು ವಾಪಸು ತರುವುದು, ತಪಾಸಣೆಗೆ ಬಾರದೆ ತಪ್ಪಿಸಿಕೊಂಡವರನ್ನು ಸೇತುವೆ ಕೆಳಗೆ, ಗೋದಾಮಿನ ಹಿಂದೆ, ಲಾಕಪ್ಪಿನಲ್ಲಿ ಹುಡುಕಿ ಕರೆತರುವುದು.

"ಬೀದೀಲಿ ಸಿಕ್ಕಿದ್ರೆ ನಾವಾಗಿ ಮಾತಾಡಿಸೋ ಹಾಗಿಲ್ಲ. ಅವನ ಜೊತೆ ಹೆಂಡ್ತಿ ಇರಬಹುದು, ಮಾಲೀಕ ಇರಬಹುದು. 'ಇವ್ನು ನಿನಗೆ ಹೇಗೆ ಗೊತ್ತು' ಅಂತ ಅವರು ಕೇಳಿದ್ರೆ ಏನು ಹೇಳ್ತಾನೆ? ಅವನಾಗಿ ಮಾತಾಡಿಸಿದ್ರೆ ಮಾತ್ರ ಮಾತು. ಅವ್ರಿಗೂ ಅದನ್ನೇ ಹೇಳಿಕೊಟ್ಟಿದ್ದೀವಿ. ನನ್ನ ಜೊತೆ ನೀನಿದ್ದೆ, ಅದಕ್ಕೇ ಅವನು ಮುಖ ತಿರುಗಿಸ್ದ."

"ಚೆನ್ನಾಗಿದೆ ರೀ. ದುಡಿದಷ್ಟೂ ಗುರುತಿನವ್ರು ಕಮ್ಮಿ ಆಗೋ ಕೆಲಸ!"

ಅವನು ನಕ್ಕಿದ್ದ. ಆದರೆ ಆ ಅಭ್ಯಾಸ ಬರುಬರುತ್ತ ಮೈಗೆ ಹತ್ತಿತು. ಯಾರು ರಕ್ತ ಕೊಟ್ಟವರು, ಯಾರು ಬರೀ ನೆರೆಯವರು ಎಂದು ಕಣ್ಣಿಗೆ ಬೇರೆ ಮಾಡಿ ಹೇಳುವುದು ಹೇಗೆ? ಬೀದಿಯಲ್ಲಿ ಕಂಡವರಿಂದ ಮುಖ ತಿರುಗಿಸುವವನು ಮೆಟ್ಟಿಲಲ್ಲಿ ಕಂಡವರಿಂದಲೂ ತಿರುಗಿಸತೊಡಗಿದ. ಕಟ್ಟಡದವರು ಅವನಿಗೆ ಕೊಬ್ಬು ಎಂದರು. ಆಸ್ಪತ್ರೆಯಲ್ಲಿ ಗುಮಾಸ್ತ ಎಂದು ಅವಳು ಹೇಳಿದ್ದಳು. ಗುಮಾಸ್ತನಿಗೆ ಇಷ್ಟು ಕೊಬ್ಬಾದರೆ ಡಾಕ್ಟರನಿಗೆ ಇನ್ನೆಷ್ಟಿರಬೇಕು ಎಂದು ಅವರು ನಕ್ಕರು. ಅವಳೂ ಅವರ ಜೊತೆ ನಕ್ಕು ಅವರ ಮಕ್ಕಳ ಅಂಗಿ ಹೊಲಿದಳು. ಮನೆ ನಡೆಯುತ್ತಿದ್ದುದು ಆ ಅಂಗಿಗಳಿಂದ. ಸಂಶೋಧನೆ ಮುಗಿದು ಕಚೇರಿಗೆ ಬೀಗ ಬಿದ್ದಾಗ ಅವನ ಸಂಬಳವೂ ನಿಂತಿತ್ತು.

ಅವನನ್ನು ಕೊಂದದ್ದು ಎಚ್‌ಐವಿ ಅಲ್ಲ. ಅದೇ ಸೂಜಿಯಿಂದ ಬಂದ ಇನ್ನೊಂದು ವೈರಸ್ಸು, ಈಲಿ ಅಂದರೆ ಲಿವರನ್ನು ತಿನ್ನುವಂಥದು. ಅದನ್ನೂ ಕಂಡುಹಿಡಿದದ್ದು ಸಂಶೋಧನೆಯೇ. ಆಗ ಅದರ ಔಷಧಿ ಅವನಂಥವರ ಕೈಗೆಟುಕುತ್ತಿರಲಿಲ್ಲ. ಕಂಡುಹಿಡಿಯುವುದಷ್ಟೇ ಸಂಶೋಧನೆಯ ಕೆಲಸವಾಗಿತ್ತು, ಕೊಡುವುದು ಅಲ್ಲ. ಔಷಧಿ ಅಗ್ಗವಾಗುವ ಹೊತ್ತಿಗೆ ಈಲಿಯಲ್ಲಿ ಗೆಡ್ಡೆ ಕೂತಿತ್ತು.

*

"ಪೊಲೀಸಿಗೆ ಹೇಳ್ಲಾ?" ಕೆಳಮನೆಯಾಕೆ ಮತ್ತೆ ಕೇಳಿದಳು.

ಟೈಲರಮ್ಮ ಕಿಟಕಿಯಿಂದ ತಿರುಗಿದಳು. ಮೆಷಿನ್ನಿನ ಪಕ್ಕದಲ್ಲಿ ಕಟ್ಟಡದ ಮಕ್ಕಳ ಯೂನಿಫಾರ್ಮ್ ಬಟ್ಟೆ ಗಂಟುಗಂಟಾಗಿ ಕೂತಿತ್ತು. ಆ ಗೋಡೆಯ ಬಳಿಯವರು ಈ ಮೆಟ್ಟಿಲು ಹತ್ತಿದರೆ ಈ ಗಂಟುಗಳು ಇಳಿಯುತ್ತವೆ. ಅವರ ಕೆನ್ನೆ, ಕಣ್ಣು, ನಡಿಗೆ ನೋಡಿದರೆ ಸಾಕು. ಯಾರೆಂದು ಯಾರೂ ಹೇಳಬೇಕಾಗಿಲ್ಲ. ಇಷ್ಟು ವರ್ಷ ಬಾಯಿ ಬಿಗಿದು ಕಾಪಾಡಿದ್ದು ಒಂದು ಗಳಿಗೆಯಲ್ಲಿ ಬಯಲು.

ಮತ್ತೆ ಕಿಟಕಿಯತ್ತ ನೋಡಿದಳು. ಅವರು ಹಾಗೇ ನಿಂತಿದ್ದರು. ಸಂಜೆಯವರೆಗೂ ಹಾಗೇ ನಿಲ್ಲುತ್ತಾರೆ, ವ್ಯಾನು ಹೋದರೆ ಅದರತ್ತಲೂ ನೋಡದೆ ಹೊರಟುಹೋಗುತ್ತಾರೆ ಎಂದು ಅವಳಿಗೆ ತಿಳಿಯಿತು. ಮಾತಾಡಿಸಬೇಕಾದವನು ಇಲ್ಲಿ ಮಲಗಿದ್ದ.

ಚಪ್ಪಲಿ ಕೂಡ ಮೆಟ್ಟದೆ ಇಳಿದಳು. "ಎಲ್ಲಿಗೆ ತಂಗಿ?" ಎಂದು ಅಣ್ಣ ಕೂಗಿದ. ಸುಡುತ್ತಿದ್ದ ಡಾಂಬರು ದಾಟಿ, ಚಪ್ಪಲಿ ನೋಡುತ್ತಿದ್ದವನ ಮುಂದೆ ಹೋಗಿ ನಿಂತಳು. ಇಡೀ ಕಟ್ಟಡದ ಕಿಟಕಿಗಳು ಬೆನ್ನ ಹಿಂದಿದ್ದವು.

"ಬನ್ನಿ," ಎಂದಳು. "ನಾನು ಅವರ ಹೆಂಡ್ತಿ."

ಅವನು ತಲೆ ಎತ್ತಿದ. ಕಪ್ಪಗೆ, ಚೂಪು ಮೂಗಿನ, ಹಲ್ಲು ಉದುರಿದ ಮುಖ. ಅವನನ್ನು ಕಾಗೆ ಎಂದು ಕರೆಯುತ್ತಾರೆಂದು ಆಮೇಲೆ ಗೊತ್ತಾಯಿತು.

"ಗೊತ್ತಕ್ಕ. ಮಾರ್ಕೆಟ್ಟಲ್ಲಿ ನೋಡಿದ್ದೀನಿ," ಅಂದ. "ಸೂಜಿಯಣ್ಣನ ಪಕ್ಕ."

ಸೂಜಿಯಣ್ಣ. ತನ್ನ ಗಂಡನಿಗೆ ಹಾಗೊಂದು ಹೆಸರಿದೆಯೆಂದು ಅವಳು ಅಂದೇ ಕೇಳಿದ್ದು.

"ನಾವು ಮೇಲೆ ಬಂದ್ರೆ ನಿಮಗೆ ತೊಂದ್ರೆ ಆಗಲ್ವಾ?"

"ಆಗತ್ತೆ. ಬನ್ನಿ."

ಕೊಡೆಯ ಹೆಂಗಸು ಹತ್ತಿರ ಬಂದಳು. ಡಾಕ್ಟರಮ್ಮ. ಅವಳ ಕೂದಲೆಲ್ಲ ನೆರೆತಿತ್ತು. ಹೇಳಬಾರದ್ದನ್ನೇ ಹೇಳಿದಳು: "ಅವರ ರಕ್ತ ನಮ್ಮ ಫ್ರೀಜರಲ್ಲಿ ಇನ್ನೂ ಇದೆಯಮ್ಮ. ಹಾಗೇ ಇಟ್ಟಿದ್ದೀವಿ."

"ಇರ್ಲಿ ಬಿಡಿ," ಎಂದಳು ಟೈಲರಮ್ಮ. "ಅಲ್ಲಾದ್ರೂ ತಣ್ಣಗಿರ್ಲಿ."

*

ಹೊರುವುದರಲ್ಲಿ ಅವರು ಪಳಗಿದವರು. ಸೇತುವೆ ಕೆಳಗೆ ಸತ್ತವರನ್ನು ಇನ್ಯಾರು ಹೊರುತ್ತಾರೆ? ಕಾಗೆ ಮುಂದೆ, ಅಣ್ಣ ಅವನ ಜೊತೆ, ಹಿಂದೆ ಇಬ್ಬರು. ತಿರುವಿನಲ್ಲಿ ಸ್ಟ್ರೆಚರನ್ನು ತಲೆಯ ಮೇಲಕ್ಕೆತ್ತಿ ಕಂಬಿ ದಾಟಿಸಿದರು.

"ಮೆಲ್ಲಗೆ, ಮೆಲ್ಲಗೆ. ಸೂಜಿಯಣ್ಣ ರಕ್ತ ತೆಗೆಯೋಕೆ ನರ ಹುಡುಕೋವಾಗ ಎಷ್ಟು ಮೆಲ್ಲಗೆ ಇರ್ತಿದ್ದ, ಹಾಗೆ," ಎಂದ ಕಾಗೆ.

"ಬಾಯಿ ಮುಚ್ಕೊಂಡು ಹೊರೋ," ಎಂದು ಹಿಂದಿನವನು ಗದರಿದ.

ಭಾರವೆಲ್ಲ ಮುಂದಕ್ಕೆ ಜಾರಿದಾಗ ಕಾಗೆ ಒಂದು ಕೈಯಿಂದ ಕಂಬಿ ಹಿಡಿದ. ಮುರಿದ ಕಂಬಿಯ ಮೊನೆಗೆ ಅವನ ತೋಳು ಸಿಕ್ಕಿ ಅಂಗಿ ಭುಜದಿಂದ ಮಣಿಕಟ್ಟಿನವರೆಗೆ ಸೀಳಿತು. ಅವನು ಕೈ ಬಿಡಲಿಲ್ಲ. ಮೂರನೇ ಮಹಡಿಯ ಬಾಗಿಲು ಬೆರಳಗಲ ತೆರೆದು ಮುಚ್ಚಿತು, ಎರಡನೆಯದೂ. ಬೆನ್ನುನೋವಿನವನು ಒಳಗಿನಿಂದ ಹೆಂಡತಿಗೆ ಹೇಳಿದ್ದು ಹೊರಗೆ ಸ್ಪಷ್ಟವಾಗಿ ಕೇಳಿಸಿತು: "ನಾನು ಹೇಳಿರ್ಲಿಲ್ವಾ?"

ಊರಾಚೆಯ ಸ್ಮಶಾನದಲ್ಲಿ ಒಬ್ಬೊಬ್ಬರು ಒಂದೊಂದು ಹಿಡಿ ಮಣ್ಣು ಹಾಕಿದರು. ಮುಗಿದ ಮೇಲೆ ಗೇಟಿನಾಚೆ ಬರುತ್ತಿದ್ದಂತೆ ಅವರು ಬೇರೆ ಬೇರೆ ದಿಕ್ಕಿಗೆ, ಒಬ್ಬರನ್ನೊಬ್ಬರು ಅರಿಯದವರಂತೆ ನಡೆಯತೊಡಗಿದರು. ಕಾಗೆ ಅಂಗಿಯ ಸೀಳಿದ ತೋಳನ್ನು ಇನ್ನೊಂದು ಕೈಯಿಂದ ಒತ್ತಿ ಮುಚ್ಚಿಕೊಂಡಿದ್ದ.

"ನೀನು ನನ್ನ ಜೊತೆ ಬಾ," ಎಂದಳು ಅವಳು.

*

ಅವರು ಬರುವಷ್ಟರಲ್ಲಿ ಮೇಲಿನ ಹೊಸ್ತಿಲಲ್ಲಿ ಕೆಳಮನೆಯಾಕೆ ಕಾಯುತ್ತಿದ್ದಳು.

"ನಮ್ಮ ಹುಡುಗೀದು ಯೂನಿಫಾರ್ಮು..."

"ಹೊಲಿದಾಗಿದೆ. ಗುಂಡಿ ಒಂದು ಬಾಕಿ."

"ಗುಂಡಿ ನಾನೇ ಹಾಕ್ಕೋತೀನಿ ಬಿಡಿ. ಉಳಿದ ಬಟ್ಟೆ ಇದ್ರೆ ಅದನ್ನೂ ಕೊಟ್ಬಿಡಿ. ಮೇಲಿನವ್ರೂ ತಮ್ಮದು ಇಸ್ಕೊಂಡು ಬಾ ಅಂದ್ರು."

ಟೈಲರಮ್ಮ ಗಂಟುಗಳನ್ನೆಲ್ಲ ಎತ್ತಿ ಅವಳ ತೋಳಿನ ಮೇಲೆ ಹೇರಿದಳು. ಮೆಷಿನ್ನಿನ ಬುಡ ಬರಿದಾಯಿತು. ಅಲ್ಲಿ ಉಳಿದದ್ದು ಒಂದೇ ಬಟ್ಟೆ, ಗಂಡನಿಗೆಂದು ತಂದು ಕತ್ತರಿಸದೆ ಇಟ್ಟಿದ್ದು. ಅಳತೆ ತೆಗೆದಾಗಲೆಲ್ಲ ಅವನು ಮೊದಲಿಗಿಂತ ಸಣ್ಣಗಾಗಿರುತ್ತಿದ್ದ.

ಅಣ್ಣ ಗೋಡೆಗೊರಗಿ ಕಣ್ಣು ಮುಚ್ಚಿದ್ದ. ಬಾಗಿಲ ಬಳಿಯ ಸ್ಟೂಲಿನ ಮೇಲೆ ಕಾಗೆ ಅಂಗಿ ಬಿಚ್ಚಿ, ಬರಿ ಮೈಯಲ್ಲಿ ಕೂತಿದ್ದ. ಎರಡೂ ಕೈಗಳನ್ನು ತೊಡೆಯ ನಡುವೆ ಹುದುಗಿಸಿಕೊಂಡಿದ್ದ.

"ಬಾಗಿಲು ಹಾಕ್ಲಾ ಅಕ್ಕ? ಅವ್ರು ಇನ್ನೂ ಅಲ್ಲೇ ಇದ್ದಾರೆ."

"ಬೇಡ. ಸೆಕೆ. ಗಾಳಿ ಬರ್ಲಿ."

ಅಂಗಿಯ ಸೀಳಿದ ತೋಳನ್ನು ಕತ್ತರಿಯಿಂದ ಪೂರ್ತಿ ಬೇರ್ಪಡಿಸಿ ಬಿಸಾಡಿದಳು. ಗಂಡನ ಬಟ್ಟೆಯನ್ನು ಹಾಸಿದಳು. ಅಣ್ಣನ ಜೇಬಿನಿಂದ ಟೇಪು ತೆಗೆದಳು.

"ಕೈ ಚಾಚು."

ಅವನು ಮೆಟ್ಟಿಲಿನ ಕಡೆ ನೋಡಿದ. ಆಮೇಲೆ ಚಾಚಿದ.

ಅವಳು ಭುಜದ ಮೂಳೆಗೆ ಟೇಪಿನ ತುದಿ ಇಟ್ಟು, ಮೊಣಕೈಯ ಒಳಮಡಿಕೆಯಲ್ಲಿ ಕಪ್ಪಗೆ ಗಂಟುಕಟ್ಟಿದ ಗುರುತುಗಳ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ನಿಧಾನವಾಗಿ ಮಣಿಕಟ್ಟಿನವರೆಗೆ ಎಳೆದಳು. ಬಟ್ಟೆಯ ಗಂಟುಗಳನ್ನು ಎದೆಗವಚಿಕೊಂಡು ಕೆಳಮನೆಯಾಕೆ ಮೆಟ್ಟಿಲಿನ ತಿರುವಿನಲ್ಲಿ ನಿಂತೇ ಇದ್ದಳು.