ತಿರುವಿನಲ್ಲಿ ತುಂಡಾಗುವ ಗೆರೆ

ಐಸಿಯುವಿನಿಂದ ಸ್ಕ್ಯಾನ್ ಕೋಣೆಗೆ ಹೋಗುವ ಕಾರಿಡಾರ್ ಎಂದರೆ ಸೊಸೆಗೆ ಮೈಯೆಲ್ಲ ಉರಿಯುತ್ತಿತ್ತು. ಆಸ್ಪತ್ರೆಯ ವೈಫೈ ನೋಡಿಕೊಳ್ಳುವ ಕೆಲಸ ಅವಳದು. ರೋಗಿಯ ಮಂಚಕ್ಕೆ ಸಿಕ್ಕಿಸಿದ ಮಾನಿಟರ್, ಎದೆಬಡಿತದ ಗೆರೆಯನ್ನು ವೈಫೈ ಮೂಲಕ ನರ್ಸುಗಳ ಮೇಜಿನ ಪರದೆಗೆ ಕಳಿಸಬೇಕು. ಮಂಚ ನಿಂತಿರುವಷ್ಟು ಹೊತ್ತು ಎಲ್ಲ ಸರಿ. ಹೊರಟು ಲಿಫ್ಟಿನ ಪಕ್ಕದ ತಿರುವಿಗೆ ಬಂತೋ, ಗೆರೆ ಮಾಯ. ಕಪ್ಪು ಪರದೆಯ ಮೇಲೆ "ಸಂಪರ್ಕ ಇಲ್ಲ" ಎಂಬ ಕೆಂಪು ಅಕ್ಷರ ಮಾತ್ರ.

ಗಾಯದ ಮೇಲೆ ಬರೆ ಎಳೆದಂತೆ, ಅಲ್ಲಿನ ಹೆಡ್ ಸಿಸ್ಟರ್ ಅವಳ ಅತ್ತೆಯೇ. ಬೇರೆಯವರು ಆಸ್ಪತ್ರೆಯ ಬೈಗುಳವನ್ನು ಆಸ್ಪತ್ರೆಯಲ್ಲೇ ಬಿಟ್ಟು ಮನೆಗೆ ಹೋಗಬಹುದು. ಇವಳಿಗೆ ಅದು ಊಟದ ಜೊತೆಗೂ ಬಡಿಸಿ ಸಿಗುತ್ತಿತ್ತು.

"ಆ ಗೋಡೇಲಿ ಕಬ್ಬಿಣ ಜಾಸ್ತಿ ಅತ್ತೆ, ಅದಕ್ಕೇ..."

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ಊಟ ಮಾಡು."

ಅತ್ತೆಯ ಸಿಟ್ಟಿಗೂ ಅರ್ಥವಿತ್ತು. ಗೆರೆಯನ್ನು ನಂಬುವಂತಿಲ್ಲವೆಂದರೆ ಪ್ರತಿ ಮಂಚದ ಜೊತೆ ಒಬ್ಬ ನರ್ಸ್ ನಡೆಯಬೇಕು. ಅಷ್ಟು ಹೊತ್ತು ಅವಳ ಉಳಿದ ರೋಗಿಗಳಿಗೆ ದಿಕ್ಕಿಲ್ಲ. ಕೊನೆಗೆ ಅತ್ತೆ ಒಂದೇ ಮಾತು ಹೇಳಿಬಿಟ್ಟರು: ಶುಕ್ರವಾರದ ಪರೀಕ್ಷೆಯಲ್ಲಿ ಗೆರೆ ಕಡಿದರೆ ಮಾನಿಟರುಗಳೆಲ್ಲ ಗೋದಾಮಿಗೆ. ಜೊತೆಗೆ ಸೊಸೆಯ ಒಂದು ವರ್ಷದ ದುಡಿಮೆಯೂ ಗೋದಾಮಿಗೆ.

ಹೊಟ್ಟೆ ಉರಿಸುವ ಸಂಗತಿಯೆಂದರೆ, ಕೆಡಿಸಿದವಳು ಅವಳೇ. ದೂರು ಬಂದಾಗಲೆಲ್ಲ ಬಾಯಿ ಮುಚ್ಚಿಸಲು ಆ ತಿರುವಿನಲ್ಲಿ ಇನ್ನೊಂದು ವೈಫೈ ಪೆಟ್ಟಿಗೆ ಹೊಡೆಸುವಳು. ಅದರ ಕೆಳಗೆ ನಿಂತು ಅಳೆಯುವಳು. ಸಿಗ್ನಲ್ ತುಂಬಿ ತುಳುಕುವುದು. ನಿಂತು ಅಳೆದರೆ ತುಳುಕದೆ ಇನ್ನೇನು? ಮಂಚ ನಿಲ್ಲಬೇಕಲ್ಲ! ಅದನ್ನು ತಳ್ಳುವವನಿಗೆ ಆಸ್ಪತ್ರೆಯೆಲ್ಲ ಸೇರಿ ಇಟ್ಟ ಹೆಸರು ಎಕ್ಸ್‌ಪ್ರೆಸ್. ಅವನ ಓಟದಲ್ಲಿ ಮಾನಿಟರ್ ಒಂದು ಪೆಟ್ಟಿಗೆಯ ಕೈ ಬಿಟ್ಟು ಇನ್ನೊಂದರ ಕೈ ಹಿಡಿಯುವಷ್ಟರಲ್ಲಿ ಮೂರನೆಯದು ಕರೆಯುತ್ತಿತ್ತು, ಅದರ ಹಿಂದೆಯೇ ನಾಲ್ಕನೆಯದು. ಅದು ಯಾರ ಕೈಯನ್ನೂ ಗಟ್ಟಿಯಾಗಿ ಹಿಡಿಯದೆ ನಡುವೆ ಬೀಳುತ್ತಿತ್ತು. ತಾಳ್ಮೆ ಕೆಟ್ಟು, ಲ್ಯಾಪ್‌ಟಾಪ್ ಅಪ್ಪಿಕೊಂಡು ಎಕ್ಸ್‌ಪ್ರೆಸ್‌ನ ಬೆನ್ನ ಹಿಂದೆ ಏದುಸಿರು ಬಿಡುತ್ತ ಓಡಿದ ದಿನ ಇದು ಅವಳಿಗೆ ಗೊತ್ತಾಯಿತು.

ಗುರುವಾರ ಏಣಿ ತರಿಸಿ ಪೆಟ್ಟಿಗೆಗಳನ್ನು ಕೀಳಿಸತೊಡಗಿದಳು. ಉಳಿದವುಗಳ ಶಕ್ತಿಯನ್ನೂ ತಗ್ಗಿಸಿದಳು. ನೋಡಿದವರಿಗೆಲ್ಲ ನಗು.

"ಹಸಿವು ಅಂದೋರ ಮುಂದಿನ ತಟ್ಟೇನೇ ಎತ್ಕೊಂಡು ಹೋಗ್ತಾರಲ್ಲ ನಿಮ್ಮ ಸೊಸೆ!" ಎಂದು ಲಿಫ್ಟಿನವನು ಅತ್ತೆಗೆ ಚುಚ್ಚಿದ. ಔಷಧಿ ಕೊಡುವವನು ಮೊಬೈಲಿನಲ್ಲಿ ಆಟ ನಿಂತುಹೋಯಿತೆಂದು ಜಗಳಕ್ಕೇ ಬಂದ. ಆ ದಿನ ಮನೆಯಲ್ಲಿ ಅತ್ತೆ ಬೈಯಲೂ ಇಲ್ಲ. ಸೊಸೆಗೆ ಅದು ಬೈಗುಳಕ್ಕಿಂತ ಕಷ್ಟವಾಯಿತು.

ಶುಕ್ರವಾರ ರೋಗಿಯ ಬದಲು ಅತ್ತೆಯೇ ಮಂಚ ಹತ್ತಿ ಮಲಗಿದರು. "ನನ್ನ ಎದೆಗೇ ಅಂಟಿಸಿ ವೈರು. ಒಂದ್ಸಲ ಕಡೀಲಿ, ಆಮೇಲೆ ಇದೆ ಇವಳಿಗೆ."

"ಯಾವಾಗ್ಲೂ ಓಡೋ ಹಾಗೇ ಓಡಪ್ಪ," ಎಂದು ಎಕ್ಸ್‌ಪ್ರೆಸ್‌ಗೆ ಹೇಳಿ ಸೊಸೆ ನರ್ಸಿನ ಪಕ್ಕ ಪರದೆಯ ಮುಂದೆ ಕೂತಳು. ಇನ್ನೊಂದು ಬದಿಗೆ ಸಂಪರ್ಕದ ಲೆಕ್ಕ ತೋರಿಸುವ ತನ್ನ ಲ್ಯಾಪ್‌ಟಾಪ್ ಇಟ್ಟುಕೊಂಡಳು. ಮಂಚದ ಗಾಲಿಗಳು ಗಡಗಡ ಎಂದವು. ಲಿಫ್ಟು ಬಂತು. ತಿರುವು ಬಂತು. ಗೆರೆ ಕಡಿಯಲಿಲ್ಲ. ಸ್ಕ್ಯಾನ್ ಕೋಣೆಯ ಬಾಗಿಲು ಮುಟ್ಟಿ ಮಂಚ ಹಿಂದಿರುಗಿ ಮತ್ತೆ ತಿರುವಿಗೆ ಬಂತು, ಆಗಲೂ ಕಡಿಯಲಿಲ್ಲ. ಸೊಸೆಗೆ ಎದ್ದು ಕುಣಿಯಬೇಕೆನ್ನಿಸಿತು.

ಆಗಲೇ ಪರದೆಯ ಮೇಲಿನ ಏರಿಳಿತ ನಿಂತಿತು.

"ಥೂ, ಹಾಳಾದ್ದು!" ಸೊಸೆ ಮೇಜು ಗುದ್ದಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಅಳುವೇ ಬಂತು. ಪಕ್ಕದ ನರ್ಸ್ ಕುರ್ಚಿ ಹಿಂದಕ್ಕೆ ತಳ್ಳಿ ಕಾರಿಡಾರಿಗೆ ಓಡಿದಳು. ಇವಳೇಕೆ ಓಡುತ್ತಾಳೆಂದು ಸೊಸೆ ಲ್ಯಾಪ್‌ಟಾಪ್ ನೋಡಿದಳು. ಸಂಪರ್ಕ ಒಂದು ಚೂರೂ ಕಡಿದಿರಲಿಲ್ಲ. ಪರದೆಯೂ ಕಪ್ಪಾಗಿರಲಿಲ್ಲ, ಕೆಂಪು ಅಕ್ಷರ ಬಂದಿರಲಿಲ್ಲ. ಗೆರೆ ಇತ್ತು, ನೆಟ್ಟಗೆ ಮಲಗಿತ್ತು. ಅವಳು ಉಸಿರು ಬಿಡುವುದರೊಳಗೆ ಅದು ಮತ್ತೆ ಎದ್ದು ಬಡಿಯತೊಡಗಿತು.

ಸೊಸೆಯೂ ಓಡಿ ಹೋದಾಗ ಮಂಚ ತಿರುವಿನಲ್ಲೇ ನಿಂತಿತ್ತು. ನರ್ಸ್ ಒಂದು ಕೈಯಲ್ಲಿ ಅತ್ತೆಯ ನಾಡಿ ಹಿಡಿದು, ಇನ್ನೊಂದರಲ್ಲಿ ಫೋನ್ ಹಿಡಿದು ಡಾಕ್ಟರನ್ನು ಕರೆಯುತ್ತಿದ್ದಳು. ಎದೆಗೆ ಅಂಟಿಸಿದ ವೈರುಗಳು ಒಂದೂ ಕಳಚಿರಲಿಲ್ಲ. ಅತ್ತೆಯ ಮುಖ ಬಿಳುಚಿ ಬೆವರಿತ್ತು.

"ಕಣ್ಣು ಕತ್ತಲೆ ಬಂದ ಹಾಗಾಯ್ತು, ಅಷ್ಟೇ. ಇವನು ಓಡಿಸೋ ಓಟಕ್ಕೆ ಯಾರಿಗಾದ್ರೂ ಬರುತ್ತೆ," ಎಂದು ಅತ್ತೆ ಎಕ್ಸ್‌ಪ್ರೆಸ್‌ನ ಮೇಲೆ ಹಾಕಿದರು. ಆಮೇಲೆ ನರ್ಸಿನ ಮುಖ ನೋಡಿದರು. ಅಂಥ ಮುಖಗಳನ್ನು ಜೀವಮಾನವಿಡೀ ಓದಿದವರು ಅವರು. ಸೊಸೆಯ ಕಡೆ ತಿರುಗಿ, ಅವಳು ಎಂದೂ ಕೇಳದ ಸಣ್ಣ ದನಿಯಲ್ಲಿ ಕೇಳಿದರು.

"ನಿನ್ನ ವೈಫೈದೇ ತಾನೇ? ಅದೇ ಮತ್ತೆ ಕಡೀತಲ್ವಾ?"

ಹೌದು ಎನ್ನಲು ಸೊಸೆ ಏನು ಬೇಕಾದರೂ ಕೊಡುತ್ತಿದ್ದಳು. ಒಂದು ವರ್ಷ ತನ್ನದಲ್ಲ, ತನ್ನದಲ್ಲ ಎಂದು ಜಗಳವಾಡಿದ ತಪ್ಪು ಈ ಸಲ ತನ್ನದೇ ಆಗಿರಬಾರದಿತ್ತೇ ಎನ್ನಿಸಿತು. ಅವಳು ಅತ್ತೆಯ ಕೈ ಹಿಡಿದುಕೊಂಡಳು.

"ಇಲ್ಲ ಅತ್ತೆ. ಎಲ್ಲೂ ಕಡೀಲಿಲ್ಲ."