ಕುಳ್ಳ ಗೆರೆ

"ಮಾಮೂಲಿ ಹೈಡ್ರೋಜನ್ ಇನ್ನೂ ಇಳಿದಿಲ್ವಲ್ಲ ಮೇಡಂ, ಎಲ್ಲಿ ಅಡಗಿಕೊಂಡಿದೆ ಇದು?" ಫ್ಯೂಷನ್ ಪ್ರಯೋಗಾಲಯದ ಮುಖ್ಯಸ್ಥ ಪರದೆಯತ್ತ ಬಗ್ಗಿ ಕೇಳಿದ.

ಪರದೆಯ ಮೇಲೆ ಎರಡು ಕೆಂಪು ಗೆರೆಗಳು. ಎತ್ತರದ್ದು ಭಾರದ ಹೈಡ್ರೋಜನ್ನಿನದು, ಬೇಕಾದದ್ದು ಅದೇ. ಮಗ್ಗುಲಲ್ಲಿ ಕುಳ್ಳಗೆ ನಿಂತದ್ದು ಮಾಮೂಲಿಯದು, ಕರೆಯದೆ ಬಂದ ನೆಂಟ. ಇವನು ಹೆಚ್ಚಾದರೆ ಉಕ್ಕಿನ ಕೋಣೆಯೊಳಗಿನ ಪ್ಲಾಸ್ಮಾ, ಆ ಉರಿಯುವ ಅನಿಲ, ಬೇಕಾದಷ್ಟು ಬಿಸಿಯಾಗುವುದಿಲ್ಲ. ಇವನನ್ನು ಹೊರಹಾಕುವುದೇ ಆಕೆಯ ಕೆಲಸ. ಅದರಲ್ಲಿ ಆಕೆ ಎತ್ತಿದ ಕೈ.

"ಗೋಡೆಯಲ್ಲಿದೆ," ಎಂದಳು. "ರಿಪೇರಿಗೆ ಬಾಗಿಲು ತೆಗೆದಿದ್ವಲ್ಲ, ಆಗ ತೇವ ಹಿಡಿದಿದೆ. ಆ ನೀರಿನ ಹೈಡ್ರೋಜನ್ನೇ ಇದು."

"ಹಾಗಾದ್ರೆ ಗೋಡೆ ಕಾಯಿಸಿ ಹೊರಗೆ ತೆಗೆದುಬಿಡೋಣ. ಯಾಕೆ ತಡ ಮಾಡ್ತಿದ್ದೀರಿ?"

ರಿಪೇರಿಗೆಂದು ಆ ಉಕ್ಕಿನ ಕೋಣೆಯೊಳಗೆ ಇಳಿದಿದ್ದವನು ಆಕೆಯ ಗಂಡ, ವೆಲ್ಡರ್. ಒಳಗೆ ಹೋದವರ ಉಸಿರಿನ ತೇವ ಗೋಡೆಗೆ ತಾಗಬಾರದೆಂದು ಮಾಸ್ಕು ಕೊಡುತ್ತಾರೆ. ಕನ್ನಡಕ ಮಂಜಾಗುತ್ತದೆಂದು ಆ ಪುಣ್ಯಾತ್ಮ ಅದನ್ನು ಕಿತ್ತು ಕುತ್ತಿಗೆಗೆ ನೇತುಹಾಕಿಕೊಂಡಿದ್ದ. ಸಾಲದ್ದಕ್ಕೆ ಹಾಡು ಬೇರೆ. ಕತ್ತೆಯೂ ಕಿವಿ ಮುಚ್ಚಿಕೊಳ್ಳುವಂಥ ಕಂಠ.

"ರೀ, ನಿಮ್ಮ ಉಸಿರೆಲ್ಲ ಗೋಡೆಗೆ ಹತ್ತುತ್ತೆ. ಆಮೇಲೆ ಒರೆಸೋಳು ನಾನು!" ಎಂದು ಆಕೆ ಹೊರಗಿನಿಂದ ಕೂಗಿದ್ದಳು.

"ನೀನಲ್ದೆ ಇನ್ಯಾರು ಒರೆಸ್ಬೇಕು?" ಒಳಗಿನಿಂದ ಉತ್ತರ, ಮತ್ತೆ ಹಾಡು.

ಕೆಲಸ ಮುಗಿದು ಬಾಗಿಲು ಮುಚ್ಚಿದ ವಾರದಲ್ಲೇ ಅವನ ಎದೆಬಡಿತ ನಿಂತುಹೋಯಿತು. ಮನೆಯಲ್ಲಿ ಅವನ ಅಂಗಿಗಳ ವಾಸನೆ ಕೂಡ ಉಳಿಯಲಿಲ್ಲ. ನಾದಿನಿ ಒಳ್ಳೆಯ ಮನಸ್ಸಿನಿಂದಲೇ ಎಲ್ಲವನ್ನೂ ಒಗೆದು ಮಡಿಸಿಟ್ಟಿದ್ದಳು. ಆಕೆಗೆ ಗಂಡನದೆಂದು ಉಳಿದದ್ದು ಈ ಕುಳ್ಳ ಗೆರೆಯೊಂದೇ. ಅದರಲ್ಲಿ ಹೆಚ್ಚಿನದು ಬರೀ ಗಾಳಿಯ ತೇವ ಎಂದು ಗೊತ್ತಿಲ್ಲದೆ ಏನಿಲ್ಲ. ಅವನ ಪಾಲು ಎಷ್ಟೆಂದು ಯಾವ ಉಪಕರಣವೂ ಹೇಳದು. ಒಂದಿಷ್ಟು ಇದ್ದೇ ಇತ್ತಲ್ಲ, ಅಷ್ಟೇ ಸಾಕಾಗಿತ್ತು. ಗೋಡೆ ಕಾಯಿಸುವುದನ್ನು ಇಷ್ಟು ದಿನ ಏನೋ ನೆಪ ಹೇಳಿ ತಳ್ಳುತ್ತ ಬಂದಿದ್ದಳು.

"ಬೇರೆ ಯಾರಿಗಾದ್ರೂ ವಹಿಸ್ಲಾ ಮೇಡಂ?"

"ಬೇಡ," ಎಂದಳು. "ನಾನೇ ಮಾಡ್ತೀನಿ."

ಮುಖ್ಯಸ್ಥ ಹೊರಟುಹೋದ. ಆಕೆ ಹೀಟರ್ ಹಾಕಿ, ಭಾರದ ಹೈಡ್ರೋಜನ್ನನ್ನು ಸಣ್ಣಗೆ ಒಳಗೆ ಬಿಟ್ಟು, ಅದಕ್ಕೆ ವಿದ್ಯುತ್ ಹಾಯಿಸಿ ಮಿನುಗು ಹೊತ್ತಿಸಿದಳು. ಪಂಪುಗಳು ಗುಂಯ್‌ಗುಡತೊಡಗಿದವು. ಗೋಡೆ ಬಿಸಿಯಾದಂತೆ ಅದರಲ್ಲಿ ಹುದುಗಿದ್ದದ್ದೆಲ್ಲ ಹೊರಬರತೊಡಗಿತು. ಹೊರಬರುವಾಗ ಮೊದಲು ಏರುತ್ತದೆ, ಆಮೇಲೆ ಇಳಿಯುತ್ತದೆ. ಇಷ್ಟು ವರ್ಷ ಇದನ್ನೇ ಕಂಡವಳು ಆಕೆ. ಆದರೂ ಕುಳ್ಳ ಗೆರೆ ಎದ್ದು ಎತ್ತರದ ಗೆರೆಯ ಹೆಗಲಿಗೆ ಬಂದು ನಿಂತಾಗ ಪರದೆಯ ಮೇಲೆ ಅದಕ್ಕೆ ಬೆರಳಿಟ್ಟಳು.

ಸ್ವಲ್ಪ ಹೊತ್ತಿಗೆ ಅದು ಇಳಿಯತೊಡಗಿತು. ಆಕೆ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.