ಏರಿಗೆಂದು ಎತ್ತಿಟ್ಟ ಚಾರ್ಜು

ನಾಲ್ಕನೇ ಜ್ವರಕ್ಕೆ ಪೊರೆ ಕಳಚಿ ಎದ್ದ ರೇಷ್ಮೆಹುಳಕ್ಕೆ ಯಾರ ಮುಲಾಜೂ ಇಲ್ಲ. ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳಲೇಬೇಕು. ಪದ್ಮಮ್ಮನ ಹುಳುಮನೆ ಅಂಬಾಜಿದುರ್ಗದ ಬಳಿ ಕಡಿದಾದ ಏರಿನ ತುದಿಯಲ್ಲಿತ್ತು. ಪಕ್ಕದ ಟೊಮೇಟೊ ತೋಟಕ್ಕೆ ಹೊಡೆದ ಔಷಧಿ ಗಾಳಿಗೆ ಹಾರಿ ಅವಳ ಹಿಪ್ಪುನೇರಳೆಯ ಮೇಲೆ ಕೂತು, ಆ ಸೊಪ್ಪು ಹುಳಕ್ಕೆ ವಿಷವಾಗಿದ್ದರಿಂದ, ಈ ಬೆಳೆಗೆ ಶಿಡ್ಲಘಟ್ಟದ ಕಡೆಯಿಂದ ಸೊಪ್ಪು ತರಬೇಕಾಗಿತ್ತು.

ಕಳೆದ ವಾರ ಮೊದಲ ಲೋಡಿನಲ್ಲೇ ಅವಳ ಮಾನ ಹೋಗಿತ್ತು. ಅವಳ ಹೊಸ ಹೈಬ್ರಿಡ್ ಪಿಕಪ್ಪು ಪ್ಲಗ್ ಹಾಕಿ ತುಂಬಿಸಿದ ಕರೆಂಟಿಗೂ ಓಡುತ್ತದೆ, ಪೆಟ್ರೋಲಿಗೂ ಓಡುತ್ತದೆ. ಅಡುಗೆ ಮುಗಿದ ಮೇಲೆ ಕೆಂಡಕ್ಕೆ ನೀರು ಚಿಮುಕಿಸಿ ಇದ್ದಿಲು ಎತ್ತಿಡುತ್ತಿದ್ದ ಮನೆತನದವಳು. ಚಾರ್ಜಿರುವಾಗ ಪೆಟ್ರೋಲ್ ಯಾಕೆ ಸುಡಬೇಕೆಂದು, ಹಿಂದೆ ಟ್ರೈಲರ್ ಕಟ್ಟಿಕೊಂಡು ಸಮತಟ್ಟಾದ ರಸ್ತೆಯಲ್ಲೇ ಚಾರ್ಜೆಲ್ಲ ತೀರಿಸಿದ್ದಳು. ಏರಿನ ಅರ್ಧದಲ್ಲಿ ಒಂಟಿ ಎಂಜಿನ್ ಕೂಗಾಡಿತೇ ಹೊರತು ಗಾಡಿ ಗೇಣು ಮುಂದೆ ಹೋಗಲಿಲ್ಲ. ಮೈದುನ ಚೆನ್ನರಾಯಪ್ಪ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದ. ಎಳೆದದ್ದು ಒಂದು ಸಲ, ಊರಲ್ಲಿ ಹೇಳಿದ್ದು ನೂರು ಸಲ.

ಇವತ್ತು ಮನೆ ಬಿಡುವಾಗಲೇ ಪದ್ಮಮ್ಮ ಚಾರ್ಜು ಉಳಿಸುವ ಗುಂಡಿ ಒತ್ತಿದ್ದಳು. ಬ್ಯಾಟರಿ ತುಂಬಿದ್ದರೂ ಪೆಟ್ರೋಲ್ ಸುಟ್ಟುಕೊಂಡೇ ಶಿಡ್ಲಘಟ್ಟಕ್ಕೆ ಹೋಗಿ, ಸೊಪ್ಪು ಹೇರಿಕೊಂಡು, ಚಿಂತಾಮಣಿ ದಾಟಿ ಬಂದಳು. ಪೆಟ್ರೋಲ್ ಮುಳ್ಳು ಇಳಿದಂತೆಲ್ಲ ಹೊಟ್ಟೆ ಉರಿಯಿತು. ಉರಿಯಲಿ ಎಂದುಕೊಂಡಳು. ಏರಿನ ಬುಡದಲ್ಲಿ ಮತ್ತೆ ಆ ಗುಂಡಿ ಒತ್ತಿ, ಉಳಿಸಿದ ಚಾರ್ಜನ್ನೆಲ್ಲ ಮೋಟರಿಗೆ ಬಿಟ್ಟುಕೊಟ್ಟಳು.

ಅರ್ಧ ಏರಿದ್ದಳು. ತಿರುವಿನಲ್ಲಿ ಚೆನ್ನರಾಯಪ್ಪನ ಟ್ರ್ಯಾಕ್ಟರ್ ರಸ್ತೆಗೆ ಅಡ್ಡ ನಿಂತಿತ್ತು. ಬ್ರೇಕ್ ಹಾಕಲೇಬೇಕಾಯಿತು.

"ಬನ್ನಿ ಅತ್ತಿಗೆ. ನಿಮಗೇ ಕಾಯ್ತಾ ಇದ್ದೆ. ಹಗ್ಗ ತಂದಿದೀನಿ."

ಪದ್ಮಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಲೋಡಿನ ಗಾಡಿ ಆ ತಿರುವಿನಲ್ಲಿ ನಿಂತರೆ ಮತ್ತೆ ಏಳುವುದು ಕಷ್ಟ. ಅದು ಅವನಿಗೂ ಗೊತ್ತು.

"ಟ್ರ್ಯಾಕ್ಟರ್ ಪಕ್ಕಕ್ಕೆ ತೆಗಿಯಪ್ಪ."

"ನಿಂತ್ಮೇಲೆ ಇದು ಹತ್ತಲ್ಲ ಅತ್ತಿಗೆ. ಸುಮ್ನೆ ಹಠ ಯಾಕೆ? ನಾಳೆಯಿಂದ ಸೊಪ್ಪು ನಾನೇ ತಂದ್ಹಾಕ್ತೀನಿ."

"ನಿನಗೆ ಬಿಡುವಾದಾಗ ತಂದ್ಹಾಕ್ತೀಯ. ನಿನ್ ಬಿಡುವು ನೋಡ್ಕೊಂಡು ನನ್ ಹುಳ ಹಸ್ಕೊಳಲ್ಲ ಕಣಪ್ಪ. ತೆಗಿ."

ತಮಾಷೆ ನೋಡೋಣವೆಂದು ಅವನು ನಗುತ್ತಲೇ ಟ್ರ್ಯಾಕ್ಟರ್ ಸರಿಸಿದ. ಪದ್ಮಮ್ಮ ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರ್ ಅದುಮಿದಳು. ಟ್ರೈಲರ್ ಒಮ್ಮೆ ಕಿರುಗುಟ್ಟಿತು. ಹಿಂದಕ್ಕೆ ಜಾರಲಿಲ್ಲ. ಎಂಜಿನ್ನಿಗೆ ಈ ಸಲ ಮೋಟರೂ ಹೆಗಲು ಕೊಟ್ಟಿತ್ತು. ಗಾಡಿ ಕೂಗಾಡದೆ ಮೇಲೆ ಹತ್ತಿತು. ಕನ್ನಡಿ ನೋಡಬಾರದು ಎಂದುಕೊಂಡಿದ್ದವಳು ನೋಡಿಯೇ ಬಿಟ್ಟಳು. ಚೆನ್ನರಾಯಪ್ಪ ಹಗ್ಗ ಹಿಡಿದುಕೊಂಡು ನಿಂತಿದ್ದ.

ಅವಳು ಹುಳುಗಳ ಮೇಲೆ ಸೊಪ್ಪು ಹರಡುತ್ತಿದ್ದಾಗ ಅವನು ಬಾಗಿಲಿಗೆ ಬಂದ. ಹಗ್ಗ ಇನ್ನೂ ಹೆಗಲ ಮೇಲಿತ್ತು.

"ಹತ್ತೇಬಿಡ್ತಲ್ಲ ಅತ್ತಿಗೆ."

ಪದ್ಮಮ್ಮ ತಿರುಗಿ ನೋಡಲಿಲ್ಲ. "ಹಗ್ಗ ಆಚೆ ಇಟ್ಟು, ಕಾಲು ತೊಳ್ಕೊಂಡು ಒಳಗೆ ಬಾ. ಸೊಪ್ಪು ಹರಡೋಕೆ ಆಳು ಸಾಲ್ದು."

ಚೆನ್ನರಾಯಪ್ಪ ಹಗ್ಗವನ್ನು ಗೂಟಕ್ಕೆ ನೇತುಹಾಕಿ, ನೀರಿನ ತೊಟ್ಟಿಯ ಕಡೆ ನಡೆದ.